ಲಿನಕ್ಸ್ ಕರ್ನಲ್‌ಗೆ ಮೊದಲ ಪ್ಯಾಚ್: ಕೆಲಸ ಹುಡುಕುವುದರಿಂದ ಒಳಗೆ ಸೇರುವವರೆಗೆ

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಸೋರ್ಸ್ ಕೋಡನ್ನು ಇಳಿಸಿಕೊಂಡರೆ ಮೇಲಿನ ಫೋಲ್ಡರಿನಲ್ಲೇ ‘ಮೇಂಟೇನರ್ಸ್’ ಎಂಬ ಸಾದಾ ಪಠ್ಯ ಕಡತವೊಂದು ಕಣ್ಣಿಗೆ ಬೀಳುತ್ತದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಾಲುಗಳ ಈ ಕಡತದಲ್ಲಿ ಕರ್ನಲ್‌ನ ಯಾವ ಮೂಲೆ ಯಾರ ಸುಪರ್ದಿಯಲ್ಲಿದೆ, ಯಾವ ವಿಳಾಸಕ್ಕೆ ಬರೆಯಬೇಕು ಎಂಬುದೆಲ್ಲ ಒಂದೊಂದಾಗಿ ನಮೂದಾಗಿದೆ. ಹೊಸಬರು ಮೊದಲು ತೆರೆದು ನೋಡಬೇಕಾದದ್ದು ಇದನ್ನೇ. ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳುಹಿಸುವುದೆಂದರೆ ಮೇಂಟೇನರ್, ಅಂದರೆ ಆ ಭಾಗವನ್ನು ನೋಡಿಕೊಳ್ಳುವ ಒಬ್ಬ ವ್ಯಕ್ತಿಗೆ ಪತ್ರ ಬರೆಯುವುದು. ಅವರಿಗೆ ಇಂಥ ಪತ್ರಗಳು ರಾಶಿಯಾಗಿ ಬರುತ್ತವೆ. ಅವರು ನಿಮ್ಮ ಮುಖ ನೋಡಿಲ್ಲ. ನಿಮ್ಮ ಕೋಡನ್ನು ಒಮ್ಮೆ ಒಳಗೆ ಸೇರಿಸಿಕೊಂಡರೆ ಮುಂದೆ ವರ್ಷಗಟ್ಟಲೆ ಅದರ ಹೊರೆ ಹೊರುವವರು ಅವರೇ. ಮುಂದೆ ನಾನು ಹೇಳುವ ಒಂದೊಂದು ನಿಯಮವೂ ಆ ವ್ಯಕ್ತಿಯ ಸಮಯ ಉಳಿಸಲು ಹುಟ್ಟಿದ್ದು. ಹಾಗೆಂದು ತಿಳಿದುಕೊಂಡರೆ ಯಾವ ನಿಯಮವೂ ಕಿರಿಕಿರಿ ಎನಿಸುವುದಿಲ್ಲ.

ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಪ್ಯಾಚ್ ತೆಗೆದುಕೊಳ್ಳುವ ಕ್ರಮ ಒಂದೇ ತೆರನಾಗಿಲ್ಲ. ಬಹಳಷ್ಟು ಯೋಜನೆಗಳು ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕೇಳುತ್ತವೆ. ಮೀಡಿಯಾವಿಕಿ, ಲಿಬ್ರೆಆಫೀಸ್ ಯೋಜನೆಗಳು ಗೆರಿಟ್ ಎಂಬ ಕೋಡ್ ಪರಿಶೀಲನೆಯ ತಂತ್ರಾಂಶ ಬಳಸುತ್ತವೆ. ಕರ್ನಲ್ ಮಾತ್ರ ಇಂದಿಗೂ ಮಿಂಚಂಚೆಯ ಮೂಲಕವೇ ನಡೆಯುತ್ತದೆ. ಇಲ್ಲಿ ಗುಂಡಿ ಒತ್ತಿ ಮುಗಿಸುವ ಕೆಲಸವಿಲ್ಲ, ಎಲ್ಲವನ್ನೂ ಕೈಯಾರೆ ಮಾಡಬೇಕು. ಅದಕ್ಕಾಗಿಯೇ ಈ ಉದಾಹರಣೆಯನ್ನು ಆರಿಸಿಕೊಂಡಿದ್ದೇನೆ: ಇಲ್ಲಿ ಒಂದು ಪ್ಯಾಚ್ ದಾಟಿಸಿದವರಿಗೆ ಬೇರೆಡೆಯ ಕ್ರಮ ಕಲಿಯಲು ಒಂದು ಸಂಜೆ ಸಾಕು.

ಒಂದು ಸೂಚನೆ. ಕಮಾಂಡ್‌ಗಳನ್ನೂ ಕಡತಗಳ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಪ್ಯಾಚ್ ಎಂದರೇನು

ಹಳೆಯ ಕಡತಕ್ಕೂ ಹೊಸ ಕಡತಕ್ಕೂ ಇರುವ ವ್ಯತ್ಯಾಸವನ್ನು ಬರೆದಿಟ್ಟ ಪಠ್ಯವೇ ಪ್ಯಾಚ್. ತೆಗೆದ ಸಾಲಿನ ಮುಂದೆ ಕಳೆಯುವ ಚಿಹ್ನೆ, ಸೇರಿಸಿದ ಸಾಲಿನ ಮುಂದೆ ಕೂಡುವ ಚಿಹ್ನೆ, ಸುತ್ತಮುತ್ತ ಗುರುತಿಗೆಂದು ಮೂರು ಮೂರು ಸಾಲು. ಇಂಥ ಪಠ್ಯವನ್ನು ಓದಿ ಕಡತವನ್ನು ತಿದ್ದುವ ‘ಪ್ಯಾಚ್’ ಎಂಬ ಪ್ರೋಗ್ರಾಮನ್ನು ಲ್ಯಾರಿ ವಾಲ್ 1985ರಲ್ಲಿ ಹೊರತಂದರು. ಹೆಸರು ಅಲ್ಲಿಂದ ಬಂತು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಆರಂಭಿಸಿದಾಗ ಜನ ತಿದ್ದುಪಡಿಗಳನ್ನು ಮಿಂಚಂಚೆಯಲ್ಲೇ ಕಳುಹಿಸುತ್ತಿದ್ದರು. 2005ರ ಏಪ್ರಿಲ್‌ನಲ್ಲಿ ಅವರು ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಬರೆದದ್ದು ಕೂಡ ಕರ್ನಲ್‌ನ ಈ ಕೆಲಸ ಸಾಗಿಸುವುದಕ್ಕಾಗಿಯೇ. ಆದ್ದರಿಂದ ಗಿಟ್‌ನಲ್ಲಿ ಪ್ಯಾಚ್ ತಯಾರಿಸುವ, ಅಂಚೆಗೆ ಹಾಕುವ, ಬಂದ ಪ್ಯಾಚನ್ನು ಸೇರಿಸಿಕೊಳ್ಳುವ ಉಪಕರಣಗಳೆಲ್ಲ ಮೊದಲಿನಿಂದಲೂ ಇವೆ.

ಯಂತ್ರವನ್ನು ಸಜ್ಜುಗೊಳಿಸುವುದು

ಉಬುಂಟು, ಡೆಬಿಯನ್, ಫೆಡೋರಾ ಯಾವುದಾದರೂ ನಡೆಯುತ್ತದೆ. ಉಬುಂಟು ಮತ್ತು ಡೆಬಿಯನ್‌ನಲ್ಲಿ ಜಿಸಿಸಿ, ಮೇಕ್, ಫ್ಲೆಕ್ಸ್, ಬೈಸನ್, ಬಿಸಿ ಪ್ಯಾಕೇಜುಗಳೂ ಲಿಬ್‌ಎಲ್ಫ್, ಲಿಬ್‌ಎಸ್‌ಎಸ್‌ಎಲ್, ಎನ್‌ಕರ್ಸಸ್‌ಗಳ ಡೆವ್ ಪ್ಯಾಕೇಜುಗಳೂ ಬೇಕು. ಜೊತೆಗೆ ‘ಗಿಟ್’ ಮತ್ತು ‘ಗಿಟ್-ಇಮೇಲ್’. ಈ ಎರಡನೆಯದು ಪ್ರತ್ಯೇಕ ಪ್ಯಾಕೇಜು. ಅದನ್ನು ಮರೆತರೆ ಕೊನೆಯಲ್ಲಿ ಪ್ಯಾಚ್ ಕಳುಹಿಸುವ ಹೊತ್ತಿಗೆ ಕಮಾಂಡೇ ಸಿಗುವುದಿಲ್ಲ.

ಕರ್ನಲ್‌ನ ಪೂರ್ಣ ಗಿಟ್ ಭಂಡಾರ ಹಲವು ಜಿಬಿ ತೂಗುತ್ತದೆ. ಇತಿಹಾಸ ಬಿಟ್ಟು ಇತ್ತೀಚಿನ ಪ್ರತಿಯನ್ನಷ್ಟೇ ಇಳಿಸಿಕೊಳ್ಳುವ ದಾರಿ ಇದೆಯಾದರೂ ಅದನ್ನು ಹಿಡಿಯಬೇಡಿ. ಒಂದು ಸಾಲನ್ನು ಯಾರು ಯಾವಾಗ ಏಕೆ ಬರೆದರು ಎಂದು ನೋಡುವುದೇ ಈ ಕೆಲಸದ ಅರ್ಧಭಾಗ, ಅದಕ್ಕೆ ಇತಿಹಾಸ ಬೇಕೇ ಬೇಕು. ನಿಮ್ಮೂರಿನ ಇಂಟರ್ನೆಟ್ ನಡುನಡುವೆ ಕಡಿದುಹೋಗುವಂಥದ್ದಾದರೆ ಸಾಧಾರಣ ಕ್ಲೋನ್ (ಭಂಡಾರದ ನಕಲು ಇಳಿಸುವುದು) ಪ್ರತಿ ಬಾರಿಯೂ ಮೊದಲಿನಿಂದ ಶುರುವಾಗುತ್ತದೆ. ಅದಕ್ಕೆ ಕರ್ನಲ್ ಡಾಟ್ ಆರ್ಗ್ ತಾಣದಲ್ಲಿ ‘ಬಂಡಲ್’ ಎಂಬ ಒಂದೇ ದೊಡ್ಡ ಕಡತ ಸಿಗುತ್ತದೆ. ಅದನ್ನು ನಿಂತಲ್ಲಿಂದ ಮುಂದುವರಿಸುತ್ತ ಇಳಿಸಿಕೊಂಡು, ಅದರಿಂದಲೇ ಕ್ಲೋನ್ ಮಾಡಿ, ಆಮೇಲೆ ಹೊಸ ಬದಲಾವಣೆಗಳನ್ನಷ್ಟೇ ಎಳೆದುಕೊಳ್ಳಬಹುದು.

ಗಿಟ್‌ಗೆ ನಿಮ್ಮ ಹೆಸರು ಮತ್ತು ಮಿಂಚಂಚೆ ವಿಳಾಸವನ್ನು ‘ಗಿಟ್ ಕಾನ್ಫಿಗ್’ ಮೂಲಕ ತಿಳಿಸಿ. ಹೆಸರಿನ ವಿಷಯದಲ್ಲಿ ನಮ್ಮವರಿಗೆ ಒಂದು ತೊಡಕು ಎದುರಾಗುತ್ತದೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ, ಇನಿಷಿಯಲ್ ಮಾತ್ರ ಇರುತ್ತದೆ. ಕೆಲವರ ಇನಿಷಿಯಲ್ ಮುಂದೆ, ಕೆಲವರದ್ದು ಹಿಂದೆ. ನೀವು ಹೇಗೆ ಬರೆದುಕೊಳ್ಳುತ್ತೀರೋ ಹಾಗೆಯೇ ಬರೆಯಿರಿ, ಕಡ್ಡಾಯವಾಗಿ ಎರಡು ಪದವಿರಬೇಕೆಂದೇನೂ ಇಲ್ಲ. ಆದರೆ ಕಮಿಟ್‌ನಲ್ಲಿ (ಗಿಟ್‌ನಲ್ಲಿ ದಾಖಲಿಸಿದ ಒಂದು ಬದಲಾವಣೆ), ಸಹಿಯಲ್ಲಿ, ಮಿಂಚಂಚೆಯಲ್ಲಿ ಅಕ್ಷರ ಬಿಡದೆ ಒಂದೇ ರೂಪವಿರಲಿ. ಅನಾಮಧೇಯ ಪ್ಯಾಚ್‌ಗಳನ್ನು ಕರ್ನಲ್ ಸ್ವೀಕರಿಸುವುದಿಲ್ಲ.

ಯಾವ ಕೆಲಸ ಹಿಡಿಯಬೇಕು

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ದೊಡ್ಡದೇನಾದರೂ ಮಾಡಿ ತೋರಿಸಬೇಕೆಂಬ ಹಂಬಲದಲ್ಲಿ ಇಡೀ ಡ್ರೈವರನ್ನೇ (ಒಂದು ಸಾಧನವನ್ನು ನಡೆಸುವ ಕೋಡನ್ನೇ) ಮರಳಿ ಬರೆದು ಕಳುಹಿಸುವವರಿದ್ದಾರೆ. ಗುರುತು ಪರಿಚಯವಿಲ್ಲದವರ ಎರಡು ಸಾವಿರ ಸಾಲನ್ನು ಓದಲು ಯಾರಿಗೂ ಪುರುಸೊತ್ತಿಲ್ಲ. ಮೊದಲ ಪ್ಯಾಚ್ ಐದು ನಿಮಿಷದಲ್ಲಿ ಓದಿ ಮುಗಿಯುವಂತಿರಲಿ.

‘ಡ್ರೈವರ್ಸ್’ ಫೋಲ್ಡರಿನೊಳಗೆ ‘ಸ್ಟೇಜಿಂಗ್’ ಎಂಬ ಒಂದು ಜಾಗವಿದೆ. ಕೆಲಸ ಮಾಡುತ್ತವೆ, ಆದರೆ ಗುಣಮಟ್ಟದಲ್ಲಿ ಇನ್ನೂ ಪಕ್ವವಾಗಿಲ್ಲ ಎನಿಸಿದ ಡ್ರೈವರ್‌ಗಳನ್ನು ಅಲ್ಲಿ ಇಟ್ಟಿರುತ್ತಾರೆ. ಗ್ರೆಗ್ ಕ್ರೋ-ಹಾರ್ಟ್‌ಮನ್ ಅದರ ಮೇಂಟೇನರ್. ಅಲ್ಲಿನ ಡ್ರೈವರ್‌ಗಳ ಫೋಲ್ಡರಿನಲ್ಲಿ ಸಾಮಾನ್ಯವಾಗಿ ‘ಟುಡೂ’ ಎಂಬ ಕಡತವಿದ್ದು, ಬಾಕಿ ಕೆಲಸಗಳ ಪಟ್ಟಿ ಅದರಲ್ಲಿರುತ್ತದೆ. ಹೊಸಬರ ಸಣ್ಣಪುಟ್ಟ ತಿದ್ದುಪಡಿಗಳಿಗೆ ಇಲ್ಲಿ ಸ್ವಾಗತವಿದೆ. ಸಾಲಿನ ಅಂತರ, ಆವರಣ ಚಿಹ್ನೆ ಇಂಥ ಶೈಲಿಯ ತಿದ್ದುಪಡಿಯನ್ನು ಕೂಡ ಇಲ್ಲಿ ತೆಗೆದುಕೊಳ್ಳುತ್ತಾರೆ. ಅದೇ ಶೈಲಿಯ ತಿದ್ದುಪಡಿಯನ್ನು ಕಡತ ವ್ಯವಸ್ಥೆಗೋ ಮೆಮೊರಿ ನಿರ್ವಹಣೆಯ ಭಾಗಕ್ಕೋ ಕಳುಹಿಸಿದರೆ ಬೇಡವೆನ್ನುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಅಲ್ಲಿ ಕೋಡ್ ಬಹುಕಾಲದಿಂದ ನೆಲೆನಿಂತಿದೆ. ಕಾರಣವಿಲ್ಲದೆ ಸಾಲು ಅಲುಗಾಡಿಸಿದರೆ ಇತಿಹಾಸ ಹುಡುಕುವವರಿಗೆ ತೊಂದರೆ.

ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ನಿಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ನಡೆಯದ ಟಚ್‌ಪ್ಯಾಡ್, ಧ್ವನಿ ಬಾರದ ಸ್ಪೀಕರ್ ಇದ್ದರೆ ಅಲ್ಲಿಂದ ಶುರುಮಾಡಿ. ಆ ಯಂತ್ರ ನಿಮ್ಮ ಕೈಯಲ್ಲಿದೆ, ಮೇಂಟೇನರ್ ಬಳಿ ಇಲ್ಲದಿರಬಹುದು. ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ. ದಾಖಲೆಗಳಲ್ಲಿನ ತಪ್ಪು ತಿದ್ದುವುದೂ ಮರ್ಯಾದೆಯ ಕೆಲಸವೇ. ‘ಮೇಕ್ ಎಚ್‌ಟಿಎಂಎಲ್‌ಡಾಕ್ಸ್’ ಓಡಿಸಿ ಬರುವ ಎಚ್ಚರಿಕೆಗಳನ್ನು ನೋಡಿದರೆ ಕೆಲಸ ಸಿಕ್ಕೀತು.

ಕೆಲಸ ಸಿಕ್ಕಿತೇ? ಕೈ ಹಾಕುವ ಮುನ್ನ ಲೋರ್ ಡಾಟ್ ಕರ್ನಲ್ ಡಾಟ್ ಆರ್ಗ್ ಎಂಬ ಪತ್ರ ಸಂಗ್ರಹದಲ್ಲಿ ಆ ಡ್ರೈವರಿನ ಹೆಸರು ಹಾಕಿ ಹುಡುಕಿ. ಇನ್ನೊಬ್ಬರು ಕಳೆದ ವಾರವೇ ಅದನ್ನು ಕಳುಹಿಸಿರಬಹುದು. ಅಥವಾ ಯಾರೋ ಎರಡು ವರ್ಷದ ಹಿಂದೆ ಕಳುಹಿಸಿ, ಅದು ಏಕೆ ತಪ್ಪೆಂದು ಮೇಂಟೇನರ್ ವಿವರಿಸಿರಬಹುದು. ಆ ಅರ್ಧ ಗಂಟೆಯ ಓದು ವ್ಯರ್ಥವಾಗುವುದಿಲ್ಲ.

ಬದಲಾವಣೆ ಮಾಡುವುದು

ಯಾವ ಭಾಗಕ್ಕೆ ಪ್ಯಾಚೋ ಆ ಭಾಗದ ಮೇಂಟೇನರ್ ಇಟ್ಟುಕೊಂಡ ಭಂಡಾರದಿಂದ ಆರಂಭಿಸಿ. ಸ್ಟೇಜಿಂಗ್‌ಗೆ ಪ್ರತ್ಯೇಕ ಭಂಡಾರವಿದೆ, ಅದರಲ್ಲಿ ‘ಸ್ಟೇಜಿಂಗ್-ನೆಕ್ಸ್ಟ್’, ‘ಸ್ಟೇಜಿಂಗ್-ಟೆಸ್ಟಿಂಗ್’ ಎಂಬ ಬ್ರಾಂಚ್‌ಗಳು, ಅಂದರೆ ಕವಲುಗಳು, ಇವೆ. ಲಿನಸ್ ಅವರ ಭಂಡಾರದ ಮೇಲೆ ಮಾಡಿದ ಪ್ಯಾಚ್ ಅಲ್ಲಿ ಹೊಂದಿಕೊಳ್ಳದೆ ಹೋಗಬಹುದು. ಕೆಲಸಕ್ಕೊಂದು ಹೊಸ ಬ್ರಾಂಚ್ ತೆಗೆದುಕೊಳ್ಳಿ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಸಾಧನವನ್ನು ತೆರೆಯುವ ‘ಓಪನ್’ ಫಂಕ್ಷನ್ ಒಂದಿದೆ ಎನ್ನಿ. ಅದರೊಳಗೆ ಮೆಮೊರಿ ಕೇಳಿದ್ದಾರೆ. ಸಿಗದಿದ್ದರೆ -1 ಹಿಂದಿರುಗಿಸಿದ್ದಾರೆ. ಕಣ್ಣಾಡಿಸಿದಾಗ ಸರಿಯಾಗಿಯೇ ಕಾಣುತ್ತದೆ, ದೋಷವಾದರೆ ಋಣಸಂಖ್ಯೆ ತಾನೇ? ಆದರೆ ಕರ್ನಲ್‌ನಲ್ಲಿ ಪ್ರತಿಯೊಂದು ಸಂಖ್ಯೆಗೂ ಅರ್ಥವಿದೆ. 1 ಎಂದರೆ ‘ಇಪರ್ಮ್’, ಅನುಮತಿ ಇಲ್ಲ ಎಂದು. ಮೆಮೊರಿ ಸಿಗದಿದ್ದಕ್ಕೆ ಇರುವುದು ‘ಇನೋಮೆಮ್’, ಅದರ ಸಂಖ್ಯೆ 12. ಈ ತಪ್ಪಿನಿಂದ, ಮೆಮೊರಿ ಮುಗಿದ ಯಂತ್ರದ ಮುಂದೆ ಕುಳಿತವರಿಗೆ ‘ಆಪರೇಶನ್ ನಾಟ್ ಪರ್ಮಿಟೆಡ್’ ಎಂಬ ಸಂದೇಶ ಕಾಣುತ್ತದೆ. ಅವರು ಅನುಮತಿಗಳನ್ನು ತಡಕಾಡುತ್ತ ಒಂದು ಇಡೀ ಮಧ್ಯಾಹ್ನ ಕಳೆದುಕೊಳ್ಳಬಹುದು. ತಿದ್ದುಪಡಿ ಇಷ್ಟೇ:

-   ರಿಟರ್ನ್ -1;
+   ರಿಟರ್ನ್ -ಇನೋಮೆಮ್;

ಒಂದೇ ಸಾಲು. ಹಾಗಾದರೂ ಇಲ್ಲಿಗೆ ನಿಲ್ಲಬೇಡಿ. ಈ ಫಂಕ್ಷನ್ನನ್ನು ಕರೆಯುವವರು ಯಾರು? ಅವರಲ್ಲಿ ಯಾರಾದರೂ ಉತ್ತರವನ್ನು -1ಕ್ಕೆ ಸಮವೇ ಎಂದು ಹೋಲಿಸುತ್ತಿದ್ದರೆ ನಿಮ್ಮ ತಿದ್ದುಪಡಿ ಅವರ ಕೋಡನ್ನು ಕೆಡಿಸುತ್ತದೆ. ‘ಗಿಟ್ ಗ್ರೆಪ್’ ಹಾಕಿ ಅದರ ಹೆಸರನ್ನು ಹುಡುಕಿ, ಒಂದೊಂದು ಕರೆಯನ್ನೂ ತೆರೆದು ನೋಡಿ. ಹತ್ತು ಸೆಕೆಂಡಿನಲ್ಲಿ ಟೈಪ್ ಮಾಡಿದ ಬದಲಾವಣೆಗೆ ಒಂದು ಗಂಟೆಯ ಓದು ಬೇಕಾಗುತ್ತದೆ. ರಿವ್ಯೂ ಮಾಡುವವರು ನಿಮ್ಮಿಂದ ಬಯಸುವುದು ಈ ಓದನ್ನೇ.

ಒಂದು ಪ್ಯಾಚ್‌ಗೆ ಒಂದೇ ವಿಷಯ. ದೋಷಸಂಖ್ಯೆ ತಿದ್ದುವಾಗ ಪಕ್ಕದಲ್ಲಿ ಕಂಡ ಕಾಗುಣಿತದ ತಪ್ಪನ್ನು ತಿದ್ದಲು ಕೈ ತುರಿಸುತ್ತದೆ. ತಡೆದುಕೊಳ್ಳಿ, ಅದು ಇನ್ನೊಂದು ಪ್ಯಾಚ್. ಮುಂದೊಂದು ದಿನ ಇವೆರಡರಲ್ಲಿ ಒಂದನ್ನು ಮಾತ್ರ ಹಿಂದಕ್ಕೆ ತೆಗೆಯಬೇಕಾಗಿ ಬಂದಾಗ ಬೇರೆಬೇರೆಯಾಗಿದ್ದರೆ ಮಾತ್ರ ಅದು ಸಾಧ್ಯ.

ಕರ್ನಲ್‌ನಲ್ಲಿ ಇಂಡೆಂಟ್ ಎಂದರೆ ಎಂಟು ಅಕ್ಷರ ಅಗಲದ ಟ್ಯಾಬ್, ಸ್ಪೇಸ್ ಅಲ್ಲ. ನಿಮ್ಮ ಎಡಿಟರ್ ಟ್ಯಾಬ್‌ಗಳನ್ನು ಸ್ಪೇಸ್ ಮಾಡುತ್ತಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಿ.

ಕಂಪೈಲ್ ಮತ್ತು ಪರೀಕ್ಷೆ

ಕಂಪೈಲ್ ಮಾಡದ ಪ್ಯಾಚನ್ನು ಎಂದೂ ಕಳುಹಿಸಬೇಡಿ, ಅದು ಕಾಮೆಂಟಿನಲ್ಲಿನ ಒಂದು ಅಕ್ಷರವಾಗಿದ್ದರೂ ಸರಿ. ‘ಮೇಕ್ ಮೆನುಕಾನ್ಫಿಗ್’ ತೆರೆದು ಮೊದಲು ಸ್ಟೇಜಿಂಗ್ ಆಯ್ಕೆಯನ್ನು ಚಾಲೂ ಮಾಡಿ, ನಂತರ ನಿಮ್ಮ ಡ್ರೈವರನ್ನು ಮಾಡ್ಯೂಲ್ ಆಗಿ ಆರಿಸಿ. ಆಮೇಲೆ ಆ ಫೋಲ್ಡರಿನ ಹೆಸರು ಕೊಟ್ಟು ‘ಮೇಕ್’ ಓಡಿಸಿ; ಜೊತೆಗೆ ‘ಡಬ್ಲ್ಯೂ=1’ ಎಂದು ಸೇರಿಸಿದರೆ ಕಂಪೈಲರ್ ಹೆಚ್ಚಿನ ಎಚ್ಚರಿಕೆಗಳನ್ನು ಕೊಡುತ್ತದೆ.

ಇಲ್ಲೊಂದು ಗುಂಡಿ ಇದೆ, ಗೊತ್ತಿಲ್ಲದವರು ಬೀಳುತ್ತಾರೆ. ಡ್ರೈವರನ್ನು ಮೆನುವಿನಲ್ಲಿ ಆರಿಸದೆ ಹೋದರೆ ಮೇಕ್ ಅದನ್ನು ಮುಟ್ಟುವುದೇ ಇಲ್ಲ. ಯಾವ ದೋಷವನ್ನೂ ತೋರಿಸದೆ ಮುಗಿಸಿಬಿಡುತ್ತದೆ. ಎಲ್ಲ ಸರಿಯಿದೆ ಎಂದುಕೊಂಡು ನೀವು ಕಳುಹಿಸುತ್ತೀರಿ. ಆದ್ದರಿಂದ ನೀವು ತಿದ್ದಿದ ಸಿ ಕಡತದ ಪಕ್ಕದಲ್ಲಿ ಅದೇ ಹೆಸರಿನ ಆಬ್ಜೆಕ್ಟ್ ಕಡತ ಹೊಸದಾಗಿ ಹುಟ್ಟಿದೆಯೇ, ಅದರ ಸಮಯ ಈಗಿನದೇ ಎಂದು ನೋಡಿ.

ಸಾಧನ ಕೈಯಲ್ಲಿದ್ದರೆ ಹೊಸ ಕರ್ನಲ್‌ನಲ್ಲಿ ಅದನ್ನು ಓಡಿಸಿ ನೋಡಿ. ಇಲ್ಲವಾದರೆ ‘ಕಂಪೈಲ್ ಮಾಡಿ ಮಾತ್ರ ನೋಡಿದ್ದೇನೆ’ ಎಂದು ಪ್ಯಾಚ್‌ನಲ್ಲೇ ಬರೆಯಿರಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ಮಾಡದ ಪರೀಕ್ಷೆಯನ್ನು ಮಾಡಿದ್ದೇನೆಂದು ಬರೆದು ಒಮ್ಮೆ ಸಿಕ್ಕಿಬಿದ್ದರೆ ಮಾತ್ರ ಕಳೆದುಕೊಂಡ ನಂಬಿಕೆಯನ್ನು ಮರಳಿ ಗಳಿಸುವುದು ಬಹಳ ಕಷ್ಟ.

ಕಮಿಟ್ ಸಂದೇಶ

ಈ ಇಡೀ ಬರಹದಲ್ಲಿ ಒಂದೇ ಭಾಗವನ್ನು ಎರಡು ಸಲ ಓದಲು ಸಮಯವಿದ್ದರೆ ಇದನ್ನು ಓದಿ. ಕೋಡ್ ಏನು ಬದಲಾಯಿತು ಎಂಬುದು ಪ್ಯಾಚ್‌ನಲ್ಲೇ ಕಾಣುತ್ತದೆ. ಏಕೆ ಬದಲಾಯಿತು ಎಂಬುದು ಸಂದೇಶದಲ್ಲಿ ಇಲ್ಲದಿದ್ದರೆ ಬೇರೆಲ್ಲೂ ಇರುವುದಿಲ್ಲ.

ಮೊದಲ ಸಾಲು ಶೀರ್ಷಿಕೆ: ಭಾಗದ ಹೆಸರು, ಕೋಲನ್, ಡ್ರೈವರಿನ ಹೆಸರು, ಕೋಲನ್, ಆಮೇಲೆ ಕೆಲಸ. ಎಪ್ಪತ್ತು, ಎಪ್ಪತ್ತೈದು ಅಕ್ಷರಗಳೊಳಗೆ ಮುಗಿಯಬೇಕು. ಮುಂದೆ ಯಾವ ಹೆಸರು ಹಾಕಬೇಕೆಂದು ಊಹಿಸಬೇಕಿಲ್ಲ. ಆ ಫೋಲ್ಡರಿಗೆ ‘ಗಿಟ್ ಲಾಗ್ --ಒನ್‌ಲೈನ್’ ಹಾಕಿದರೆ ಹಿಂದಿನವರು ಹೇಗೆ ಬರೆದಿದ್ದಾರೆಂದು ಕಾಣುತ್ತದೆ, ಹಾಗೆಯೇ ಬರೆಯಿರಿ. ವಾಕ್ಯ ಆಜ್ಞಾರ್ಥದಲ್ಲಿರಬೇಕು, ‘ಸರಿಪಡಿಸಿದೆ’ ಎಂದಲ್ಲ, ‘ಸರಿಪಡಿಸು’ ಎಂದು. ಕೋಡ್ ಭಂಡಾರಕ್ಕೆ ನೀವು ಅಪ್ಪಣೆ ಕೊಡುತ್ತಿದ್ದೀರಿ ಎಂದುಕೊಂಡರೆ ಧಾಟಿ ತಾನಾಗಿ ಬರುತ್ತದೆ.

ಒಂದು ಸಾಲು ಖಾಲಿ ಬಿಟ್ಟು ವಿವರ. ಸಮಸ್ಯೆ ಏನು, ಅದರಿಂದ ಯಾರಿಗೆ ಏನು ತೊಂದರೆ, ಪರಿಹಾರವೇನು, ಅದು ಸರಿಯೆಂದು ನಿಮಗೆ ಹೇಗೆ ಗೊತ್ತು. ಹೊಸಬರಿಂದ ಬರುವ ಸಂದೇಶ ಹೆಚ್ಚಾಗಿ ಹೀಗಿರುತ್ತದೆ: ‘ಡ್ರೈವರಿನಲ್ಲಿ ರಿಟರ್ನ್ ಬೆಲೆಯನ್ನು ಬದಲಾಯಿಸಿದ್ದೇನೆ.’ ಓದಿದವರಿಗೆ ಏನೂ ತಿಳಿಯಲಿಲ್ಲ. ನಮ್ಮ ಉದಾಹರಣೆಯ ಸಂದೇಶವನ್ನು ನೀವು ಇಂಗ್ಲಿಷಿನಲ್ಲಿ ಬರೆಯಬೇಕು, ಅದರ ತಿರುಳು ಹೀಗಿರಲಿ:

‘ಸ್ಟೇಜಿಂಗ್: ಇಂಥ ಡ್ರೈವರ್: ಮೆಮೊರಿ ಸಿಗದಿದ್ದಾಗ -ಇನೋಮೆಮ್ ಹಿಂದಿರುಗಿಸು

ಮೆಮೊರಿ ಸಿಗದಿದ್ದಾಗ ಓಪನ್ ಫಂಕ್ಷನ್ -1 ಹಿಂದಿರುಗಿಸುತ್ತದೆ. ಅದು -ಇಪರ್ಮ್‌ನ ಬೆಲೆಯಾದ್ದರಿಂದ ಬಳಕೆದಾರರಿಗೆ ಅನುಮತಿ ಇಲ್ಲವೆಂಬ ತಪ್ಪು ಕಾರಣ ಕಾಣುತ್ತದೆ. ಬದಲಿಗೆ -ಇನೋಮೆಮ್ ಹಿಂದಿರುಗಿಸು. ಕರೆಯುವ ಕಡೆಗಳೆಲ್ಲ ಉತ್ತರ ಸೊನ್ನೆಗಿಂತ ಕಡಿಮೆಯೇ ಎಂದಷ್ಟೇ ನೋಡುವುದರಿಂದ ಅಲ್ಲಿ ಬದಲಾವಣೆ ಬೇಕಿಲ್ಲ. ಕಂಪೈಲ್ ಮಾಡಿ ಮಾತ್ರ ಪರೀಕ್ಷಿಸಲಾಗಿದೆ.’

ಕೊನೆಗೆ ಹೇಳಿದ ಎರಡು ವಾಕ್ಯಗಳನ್ನು ಗಮನಿಸಿ. ರಿವ್ಯೂ ಮಾಡುವವರು ಕೇಳಬಹುದಾಗಿದ್ದ ಎರಡು ಪ್ರಶ್ನೆಗೆ ಮೊದಲೇ ಉತ್ತರ ಸಿಕ್ಕಿದೆ. ಒಂದು ಸುತ್ತು ಪತ್ರವ್ಯವಹಾರ ಉಳಿಯಿತು.

ಕನ್ನಡ ಮಾಧ್ಯಮದಲ್ಲಿ ಓದಿದ ಗೆಳೆಯರು ಇಂಗ್ಲಿಷ್ ಬಾರದೆಂದು ಇಲ್ಲಿಯೇ ಹಿಂಜರಿಯುವುದನ್ನು ಕಂಡಿದ್ದೇನೆ. ದಯವಿಟ್ಟು ಹಿಂಜರಿಯಬೇಡಿ. ಈ ಸಂದೇಶಗಳಿಗೆ ಬೇಕಾದದ್ದು ಚಿಕ್ಕ ಚಿಕ್ಕ ನೇರ ವಾಕ್ಯಗಳು. ಮೇಲಿನದನ್ನು ಮೊದಲು ಕನ್ನಡದಲ್ಲೇ ಯೋಚಿಸಿ ಬರೆದುಕೊಳ್ಳಿ. ತರ್ಕ ಕನ್ನಡದಲ್ಲಿ ಸರಿಬಂದರೆ ಇಂಗ್ಲಿಷಿಗೆ ತರುವುದು ಹತ್ತು ನಿಮಿಷದ ಕೆಲಸ. ಕರ್ನಲ್‌ಗೆ ಬರೆಯುವವರಲ್ಲಿ ಇಂಗ್ಲಿಷ್ ಮಾತೃಭಾಷೆಯಲ್ಲದವರು ಬೇಕಾದಷ್ಟು ಜನ ಇದ್ದಾರೆ. ವ್ಯಾಕರಣದ ತಪ್ಪಿಗಾಗಿ ಯಾರೂ ಪ್ಯಾಚನ್ನು ತಳ್ಳಿಹಾಕುವುದಿಲ್ಲ. ಕಾರಣ ಅಸ್ಪಷ್ಟವಾಗಿದ್ದರೆ ತಳ್ಳಿಹಾಕುತ್ತಾರೆ.

ನೀವು ಸರಿಪಡಿಸುತ್ತಿರುವ ತಪ್ಪು ಯಾವ ಕಮಿಟ್‌ನಿಂದ ಬಂತೆಂದು ‘ಗಿಟ್ ಬ್ಲೇಮ್’ ಹೇಳುತ್ತದೆ. ಅದನ್ನು ‘ಫಿಕ್ಸಸ್’ ಎಂಬ ಸಾಲಿನಲ್ಲಿ, ಕಮಿಟ್ ಗುರುತಿನ ಮೊದಲ 12 ಅಕ್ಷರ ಮತ್ತು ಅದರ ಶೀರ್ಷಿಕೆಯೊಂದಿಗೆ ಬರೆಯಿರಿ. ಹಳೆಯ ಸ್ಥಿರ ಆವೃತ್ತಿಗಳನ್ನು ನೋಡಿಕೊಳ್ಳುವವರಿಗೆ ಇದರಿಂದ ದೊಡ್ಡ ಉಪಕಾರ.

ಸಹಿ

‘ಗಿಟ್ ಕಮಿಟ್ -ಎಸ್’ ಎಂದು ಹಾಕಿದರೆ ಕೊನೆಗೆ ‘ಸೈನ್ಡ್-ಆಫ್-ಬೈ’ ಸಾಲು ಸೇರುತ್ತದೆ. ಇದನ್ನು ಒಂದು ಶಿಷ್ಟಾಚಾರವೆಂದು ತಿಳಿಯಬೇಡಿ. 2003ರಲ್ಲಿ ಎಸ್‌ಸಿಒ ಎಂಬ ಕಂಪನಿ ತನ್ನ ಯುನಿಕ್ಸ್ ಕೋಡ್ ಲಿನಕ್ಸ್‌ನಲ್ಲಿ ಸೇರಿದೆ ಎಂದು ಮೊಕದ್ದಮೆ ಹೂಡಿತು. ಯಾವ ಸಾಲು ಎಲ್ಲಿಂದ ಬಂತೆಂದು ತೋರಿಸುವ ಅಗತ್ಯ ಆಗ ಎಲ್ಲರಿಗೂ ಮನದಟ್ಟಾಯಿತು. 2004ರಲ್ಲಿ ‘ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್’ ಎಂಬ ಪುಟ್ಟ ಹೇಳಿಕೆ ಜಾರಿಗೆ ಬಂತು. ಈ ಸಾಲು ಬರೆದಾಗ, ಈ ಕೋಡನ್ನು ಕರ್ನಲ್‌ನ ಪರವಾನಗಿಯಡಿ ಕೊಡುವ ಹಕ್ಕು ನನಗಿದೆ ಎಂದು ನೀವು ಪ್ರಮಾಣೀಕರಿಸುತ್ತೀರಿ.

ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನೌಕರಿಯ ಅವಧಿಯಲ್ಲಿ ನೀವು ಬರೆಯುವ ಕೋಡೆಲ್ಲ ಕಂಪನಿಯದೆಂದು, ಮನೆಯಲ್ಲಿ ರಾತ್ರಿ ಕುಳಿತು ಬರೆದದ್ದನ್ನೂ ಸೇರಿಸಿ, ಹೇಳುವ ಒಪ್ಪಂದಗಳಿವೆ. ನಿಮ್ಮ ಒಪ್ಪಂದವನ್ನು ತೆಗೆದು ಓದಿ. ಅನುಮಾನವಿದ್ದರೆ ಲಿಖಿತ ಅನುಮತಿ ಪಡೆದೇ ಸಹಿ ಹಾಕಿ.

ಕಳುಹಿಸುವ ಮುನ್ನ

‘ಗಿಟ್ ಫಾರ್ಮ್ಯಾಟ್-ಪ್ಯಾಚ್ -1’ ಎಂದರೆ ಕೊನೆಯ ಕಮಿಟ್ ಒಂದು ಪ್ಯಾಚ್ ಕಡತವಾಗುತ್ತದೆ. ‘ಸ್ಕ್ರಿಪ್ಟ್ಸ್’ ಫೋಲ್ಡರಿನಲ್ಲಿರುವ ‘ಚೆಕ್‌ಪ್ಯಾಚ್’ ಎಂಬ ಪರ್ಲ್ ಪ್ರೋಗ್ರಾಮಿಗೆ ಆ ಕಡತ ಕೊಡಿ. ಅದು ಶೈಲಿಯ ತಪ್ಪುಗಳನ್ನು ಎತ್ತಿ ತೋರಿಸುತ್ತದೆ. ‘ಎರರ್’ ಎಂದದ್ದನ್ನೆಲ್ಲ ಸರಿಪಡಿಸಿ. ‘ವಾರ್ನಿಂಗ್’ ಎಂದದ್ದನ್ನು ವಿವೇಚಿಸಿ. ಕೋಡ್ ಓದಲು ಕಷ್ಟವಾಗುವುದಾದರೆ ಚೆಕ್‌ಪ್ಯಾಚ್ ಹೇಳಿತೆಂದು ಸಾಲು ಮುರಿಯಬೇಕಿಲ್ಲ.

ಪಕ್ಕದಲ್ಲೇ ‘ಗೆಟ್_ಮೇಂಟೇನರ್’ ಇದೆ. ಆರಂಭದಲ್ಲಿ ಹೇಳಿದ ಮೇಂಟೇನರ್ಸ್ ಕಡತವನ್ನು ಓದಿ, ನಿಮ್ಮ ಪ್ಯಾಚ್ ಯಾರಿಗೆ ಹೋಗಬೇಕೆಂದು ಪಟ್ಟಿ ಕೊಡುವುದು ಅದರ ಕೆಲಸ. ಮೇಂಟೇನರ್‌ಗಳ ಹೆಸರು ‘ಟು’ನಲ್ಲಿ, ಉಳಿದವರೂ ಅಂಚೆಪಟ್ಟಿಗಳೂ (ಸದಸ್ಯರೆಲ್ಲರಿಗೂ ಪತ್ರ ತಲುಪಿಸುವ ಮೇಲಿಂಗ್ ಲಿಸ್ಟ್‌ಗಳು) ‘ಸಿಸಿ’ಯಲ್ಲಿ. ಅಂಚೆಪಟ್ಟಿಯನ್ನು ಬಿಟ್ಟು ಮೇಂಟೇನರ್ ಒಬ್ಬರಿಗೇ ಖಾಸಗಿಯಾಗಿ ಕಳುಹಿಸಬೇಡಿ. ಎಲ್ಲರ ಕಣ್ಣೆದುರು ನಡೆಯುವ ಚರ್ಚೆಯೇ ಈ ಕೆಲಸದ ಬೆನ್ನೆಲುಬು.

ಅಂಚೆಗೆ ಹಾಕುವುದು

ನನ್ನ ಮೊದಲ ಪ್ಯಾಚನ್ನು ನಾನು ಬ್ರೌಸರ್‌ನಲ್ಲಿ ಮೇಲ್ ತೆರೆದು, ಪಠ್ಯವನ್ನು ನಕಲಿಸಿ ಅಂಟಿಸಿ ಕಳುಹಿಸಿದ್ದೆ. ಎರಡು ನಿಮಿಷದಲ್ಲಿ ಹಿಂದಕ್ಕೆ ಬಂತು: ಎಚ್‌ಟಿಎಂಎಲ್ ಇರುವ ಪತ್ರವನ್ನು ಪಟ್ಟಿ ತೆಗೆದುಕೊಳ್ಳುವುದಿಲ್ಲ. ಸಾದಾ ಪಠ್ಯಕ್ಕೆ ಬದಲಾಯಿಸಿ ಮತ್ತೆ ಕಳುಹಿಸಿದೆ. ಈ ಸಲ ಹೋಯಿತು, ಆದರೆ ದಾರಿಯಲ್ಲಿ ಟ್ಯಾಬ್‌ಗಳೆಲ್ಲ ಸ್ಪೇಸ್ ಆಗಿ, ಉದ್ದದ ಸಾಲುಗಳು ಮುರಿದು, ಪ್ಯಾಚ್ ಎಲ್ಲಿಯೂ ಕೂರದಂತಾಗಿತ್ತು. ‘ಪ್ಯಾಚ್ ಹಾಳಾಗಿದೆ, ಸರಿಮಾಡಿ ಕಳುಹಿಸಿ’ ಎಂದು ಒಂದೇ ಸಾಲಿನ ಉತ್ತರ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ. ನೀವು ಈ ದಾರಿ ತುಳಿಯಬೇಡಿ. ‘ಗಿಟ್ ಸೆಂಡ್-ಇಮೇಲ್’ ಬಳಸಿ. ಪ್ಯಾಚ್ ಪತ್ರದ ಒಡಲಲ್ಲೇ ಇರಬೇಕು, ಲಗತ್ತಾಗಿ ಅಲ್ಲ.

ಗಿಟ್ ಕಾನ್ಫಿಗ್‌ನಲ್ಲಿ ನಿಮ್ಮ ಮೇಲ್ ಸರ್ವರಿನ ಹೆಸರು, ಪೋರ್ಟ್, ಬಳಕೆದಾರ ಹೆಸರು ತುಂಬಿಸಿ. ಜಿಮೇಲ್ ಬಳಸುವವರು ಎರಡು ಹಂತದ ದೃಢೀಕರಣವನ್ನು ಚಾಲೂ ಮಾಡಿ, ಪ್ರತ್ಯೇಕವಾಗಿ ‘ಆ್ಯಪ್ ಪಾಸ್‌ವರ್ಡ್’ ಪಡೆಯಬೇಕು. ಮಾಮೂಲಿ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ. ಕಂಪನಿಯ ಮೇಲ್ ಬೇಡ. ‘ಈ ಪತ್ರ ಗೋಪ್ಯ’ ಎಂಬ ಅಡಿಟಿಪ್ಪಣಿ ಅದರಲ್ಲಿ ತಾನಾಗಿ ಸೇರಿಕೊಳ್ಳಬಹುದು, ಅಂಥ ಪ್ಯಾಚನ್ನು ಮೇಂಟೇನರ್‌ಗಳು ಮುಟ್ಟುವುದಿಲ್ಲ.

ಮೊದಲು ನಿಮಗೆ ನೀವೇ ಕಳುಹಿಸಿಕೊಳ್ಳಿ. ಬಂದ ಪತ್ರವನ್ನು ಕಡತವಾಗಿ ಉಳಿಸಿ, ಹೊಸ ಬ್ರಾಂಚ್‌ನಲ್ಲಿ, ಬಂದ ಪ್ಯಾಚನ್ನು ಸೇರಿಸಿಕೊಳ್ಳುವ ‘ಗಿಟ್ ಎಎಂ’ ಹಾಕಿ. ತಕರಾರಿಲ್ಲದೆ ಕೂತರೆ ಮೇಂಟೇನರ್ ಬಳಿಯೂ ಕೂರುತ್ತದೆ. ಆಮೇಲೆ ನಿಜವಾದ ವಿಳಾಸಗಳನ್ನು ಹಾಕಿ.

ಕಾಯುವುದು

ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು, ಹತ್ತು ವಾರಕ್ಕೊಮ್ಮೆ ಬರುತ್ತದೆ. ಅದರಲ್ಲಿ ಮೊದಲ ಎರಡು ವಾರ ‘ಮರ್ಜ್ ವಿಂಡೋ’, ಹೊಸ ಕೋಡೆಲ್ಲ ಲಿನಸ್ ಅವರ ಭಂಡಾರಕ್ಕೆ ಹರಿದುಬರುವ ಕಾಲ. ಆ ದಿನಗಳಲ್ಲಿ ಮೇಂಟೇನರ್‌ಗಳಿಗೆ ಉಸಿರಾಡಲು ಬಿಡುವಿರುವುದಿಲ್ಲ, ನಿಮ್ಮ ಪ್ಯಾಚ್ ಕಾಯಬೇಕು. ಉಳಿದ ಸಮಯದಲ್ಲಿಯೂ ಎರಡು ಮೂರು ವಾರ ಸಾಮಾನ್ಯ. ಒಂದು ವಾರವೂ ಆಗದೆ ಮತ್ತೆ ಕಳುಹಿಸುವುದಾಗಲಿ ‘ನೋಡಿದಿರಾ?’ ಎಂದು ಕೇಳುವುದಾಗಲಿ ಸಲ್ಲದು. ಉತ್ತರ ಕೊಡುವವರಲ್ಲಿ ಅನೇಕರು ಯುರೋಪ್, ಅಮೆರಿಕಗಳಲ್ಲಿರುವುದರಿಂದ ನಮಗೆ ಪತ್ರ ಬರುವುದು ಹೆಚ್ಚಾಗಿ ಸಂಜೆ, ಇಲ್ಲವೇ ಮಧ್ಯರಾತ್ರಿ.

ಮೊದಲ ಉತ್ತರ ಯಂತ್ರದಿಂದಲೂ ಬರಬಹುದು. ಅಂಚೆಪಟ್ಟಿಗೆ ಬಂದ ಪ್ಯಾಚ್‌ಗಳನ್ನು ಹಲವು ಬಗೆಯ ಪ್ರೊಸೆಸರುಗಳಿಗೆ ಕಂಪೈಲ್ ಮಾಡಿ ನೋಡುವ ‘ಕರ್ನಲ್ ಟೆಸ್ಟ್ ರೋಬೋಟ್’ ಒಂದಿದೆ. ಅದು ತಪ್ಪು ತೋರಿಸಿದರೆ ಗಾಬರಿಯಾಗದೆ ತಿದ್ದಿ.

ರಿವ್ಯೂಗೆ ಉತ್ತರ

ಉತ್ತರ ಬಂತು: ‘ಇದೇ ಕಡತದ ಕೆಳಗೆ ಇನ್ನೂ ಎರಡು ಕಡೆ -1 ಇದೆ. ಅವು?’ ಇಷ್ಟೇ. ನಮಸ್ಕಾರವಿಲ್ಲ, ಧನ್ಯವಾದವಿಲ್ಲ. ನಮ್ಮ ರೂಢಿಯಲ್ಲಿ ಇದು ಒರಟೆನಿಸುತ್ತದೆ, ಬೈದಂತೆಯೇ ಕೇಳಿಸುತ್ತದೆ. ಹಾಗೆ ಓದಿಕೊಳ್ಳಬೇಡಿ. ಅವರು ಸಮಯ ಕೊಟ್ಟು ಓದಿದ್ದಾರೆ, ನಿಮ್ಮ ಕೋಡ್ ಉತ್ತಮಗೊಳ್ಳಲಿ ಎಂದೇ ಕೇಳಿದ್ದಾರೆ. ಹೆಚ್ಚಿನ ಪ್ಯಾಚ್‌ಗಳು, ಹಳಬರವೂ ಸೇರಿ, ಒಂದೇ ಏಟಿಗೆ ಒಳಗೆ ಹೋಗುವುದಿಲ್ಲ. ನಿಜವಾಗಿ ಅವಮಾನಿಸುವ ಮಾತು ಬಂದರೆ 2018ರಿಂದ ಕರ್ನಲ್‌ಗೂ ನಡವಳಿಕೆಯ ಸಂಹಿತೆ ಇದೆ, ದೂರು ಕೊಡಬಹುದು.

ಉತ್ತರವನ್ನು ಅವರ ಪ್ರಶ್ನೆಯ ಕೆಳಗೆ ಬರೆಯಬೇಕು, ಪತ್ರದ ತಲೆಯ ಮೇಲಲ್ಲ. ಬೇಡದ ಸಾಲುಗಳನ್ನು ಅಳಿಸಿ, ಪ್ರಶ್ನೆಯನ್ನು ಮಾತ್ರ ಉಳಿಸಿ. ‘ರಿಪ್ಲೈ ಆಲ್’ ಮರೆಯಬೇಡಿ. ಎಲ್ಲ ಪ್ರಶ್ನೆಗೂ ಉತ್ತರವಿರಲಿ. ಅವರು ಹೇಳಿದ್ದು ಸರಿಯೆನಿಸದಿದ್ದರೆ ಕಾರಣ ಕೊಟ್ಟು ಒಪ್ಪದಿರಬಹುದು: ‘ಮೊದಲನೆಯದು ನನ್ನ ಕಣ್ಣು ತಪ್ಪಿತ್ತು, ಸೇರಿಸುತ್ತೇನೆ. ಎರಡನೆಯ -1 ದೋಷಸಂಖ್ಯೆಯಲ್ಲ, ಹುಡುಕಿದ್ದು ಪಟ್ಟಿಯಲ್ಲಿ ಇಲ್ಲವೆಂಬ ಸೂಚನೆ. ಕರೆಯುವವರು -1ಕ್ಕೇ ಹೋಲಿಸುತ್ತಾರೆ. ಆದ್ದರಿಂದ ಬಿಟ್ಟಿದ್ದೇನೆ.’ ಇಂಥ ಉತ್ತರ ಬರೆದವರ ಹೆಸರು ಮೇಂಟೇನರ್ ನೆನಪಿನಲ್ಲಿ ಉಳಿಯುತ್ತದೆ.

ತಿದ್ದಿದ ಮೇಲೆ ಹೊಸ ಕಮಿಟ್ ಸೇರಿಸಬೇಡಿ; ಹಳೆಯದನ್ನೇ ‘ಗಿಟ್ ಕಮಿಟ್ --ಅಮೆಂಡ್’ನಿಂದ ಬದಲಾಯಿಸಿ, ‘ಫಾರ್ಮ್ಯಾಟ್-ಪ್ಯಾಚ್ -ವಿ2’ ಹಾಕಿ. ಶೀರ್ಷಿಕೆಯಲ್ಲಿ ಅದು ಎರಡನೆಯ ಆವೃತ್ತಿ ಎಂದು ಸೇರುತ್ತದೆ. ಹಿಂದಿನದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂಬುದನ್ನು ಪ್ಯಾಚ್ ಕಡತದಲ್ಲಿ ಮೂರು ಅಡ್ಡಗೆರೆ ಇರುವ ಸಾಲಿನ ಕೆಳಗೆ ಬರೆಯಿರಿ. ಆ ಗೆರೆಯ ಕೆಳಗಿನ ಟಿಪ್ಪಣಿ ರಿವ್ಯೂ ಮಾಡುವವರಿಗೆ ಕಾಣುತ್ತದೆ, ಇತಿಹಾಸದಲ್ಲಿ ಉಳಿಯುವುದಿಲ್ಲ. ಯಾರಾದರೂ ‘ರಿವ್ಯೂಡ್-ಬೈ’ (ಓದಿ ಒಪ್ಪಿದ್ದೇನೆಂಬ ಸಾಲು) ಎಂದು ಕೊಟ್ಟಿದ್ದರೆ, ಕೋಡ್ ಬಹಳ ಬದಲಾಗದಿದ್ದಲ್ಲಿ, ಅದನ್ನು ನಿಮ್ಮ ಸಹಿಯ ಜೊತೆ ಸೇರಿಸಿಕೊಳ್ಳಿ. ಒಂದೇ ದಿನ ವಿ2, ವಿ3, ವಿ4 ಎಂದು ಸುರಿಯಬೇಡಿ. ಉಳಿದವರೂ ಮಾತಾಡಲು ಒಂದೆರಡು ದಿನ ಬಿಡಿ.

ಒಳಗೆ ಸೇರಿದ ಮೇಲೆ

ಸ್ಟೇಜಿಂಗ್‌ನಲ್ಲಿ ಪ್ಯಾಚ್ ಸ್ವೀಕೃತವಾದಾಗ ಯಾವ ಬ್ರಾಂಚ್‌ಗೆ ಸೇರಿತು, ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ತಿಳಿಸುವ ಪತ್ರ ಬರುತ್ತದೆ. ಅಲ್ಲಿಂದ ಅದು ‘ಲಿನಕ್ಸ್-ನೆಕ್ಸ್ಟ್’ ಎಂಬ ಒಟ್ಟು ಪರೀಕ್ಷೆಯ ಭಂಡಾರಕ್ಕೂ ಮುಂದಿನ ಮರ್ಜ್ ವಿಂಡೋದಲ್ಲಿ ಲಿನಸ್ ಅವರ ಭಂಡಾರಕ್ಕೂ ಸಾಗುತ್ತದೆ. ‘ಗಿಟ್ ಲಾಗ್ --ಆಥರ್’ಗೆ ನಿಮ್ಮ ಹೆಸರು ಕೊಟ್ಟು ನೋಡಿ.

ಇತಿಹಾಸದ ಆ ಸಾಲಿನಲ್ಲಿ ನಿಮ್ಮ ಮಿಂಚಂಚೆ ವಿಳಾಸವೂ ಇದೆ, ಅದನ್ನು ಇನ್ನು ಅಳಿಸಲಾಗದು. ಎರಡು ವರ್ಷದ ನಂತರ ಯಾರಿಗೋ ನಿಮ್ಮ ಆ ತಿದ್ದುಪಡಿಯಿಂದ ತೊಂದರೆಯಾದರೆ ಅವರು ಬರೆಯುವುದು ಅದೇ ವಿಳಾಸಕ್ಕೆ. ಕಾಲೇಜು ಕೊಟ್ಟ ವಿಳಾಸ ಪದವಿ ಮುಗಿದೊಡನೆ ಮುಚ್ಚಬಹುದು. ಆದ್ದರಿಂದ ಮೊದಲ ಕಮಿಟ್‌ನಿಂದಲೇ ನಿಮ್ಮ ಸ್ವಂತದ, ಬಹುಕಾಲ ಇಟ್ಟುಕೊಳ್ಳುವ ವಿಳಾಸವನ್ನೇ ಬಳಸಿ. ಅಂಥ ಪತ್ರ ಬಂದ ದಿನ ಬೇರೆ ಕೆಲಸ ಬದಿಗಿಟ್ಟು ಉತ್ತರ ಬರೆಯಿರಿ.